'ಕ್ಲೀನ್ ಕಾಪಿ' ಎಂದರೆ ಯಾವ ಕಾಪಿ? ತಿದ್ದುಪಡಿ ತುಂಬಿದ ಕರಾರನ್ನು ಒಂದೇ ದಾಖಲೆಗೆ ತರುವ ನಾಲ್ಕು ದಾರಿ

ಲೆಕ್ಕಪತ್ರ ವಿಭಾಗದಿಂದ ಒಂದು ಸಾಲಿನ ಪ್ರಶ್ನೆ ಬಂತು: "ಇವರ ಬಿಲ್ಲನ್ನು ಎಷ್ಟು ದಿನದೊಳಗೆ ಪಾವತಿಸಬೇಕು?" ಉತ್ತರ ಹೇಳಲು ಫೈಲು ತೆರೆದೆ. ಮೂಲ ಕರಾರಿನ ಕಲಂ 9.2ರಲ್ಲಿ 30 ದಿನ ಎಂದಿದೆ. ಎರಡನೇ ತಿದ್ದುಪಡಿ ಅದನ್ನು 45 ಮಾಡಿದೆ. ನಾಲ್ಕನೇ ತಿದ್ದುಪಡಿ ಕಲಂ 9ನ್ನು ಪೂರ್ತಿ ಹೊಸದಾಗಿ ಬರೆದಿದೆ. ಅಲ್ಲಿ ಪಾವತಿಯ ಗಡುವು, 45 ದಿನವೇ, 9.3ಕ್ಕೆ ಜಾರಿದೆ, 9.2ರಲ್ಲಿ ಬಡ್ಡಿಯ ವಿಷಯ ಬಂದು ಕೂತಿದೆ. ಆರನೇ ತಿದ್ದುಪಡಿ ಬರೆದ ಪುಣ್ಯಾತ್ಮರು ನಾಲ್ಕನೆಯದನ್ನು ನೋಡಿಯೇ ಇಲ್ಲ. "ಕಲಂ 9.2ರಲ್ಲಿನ '45 ದಿನ' ಎಂಬುದನ್ನು '60 ದಿನ' ಎಂದು ಓದಿಕೊಳ್ಳತಕ್ಕದ್ದು" ಎಂದು ಬರೆದು ಎರಡೂ ಕಡೆಯಿಂದ ಸಹಿ ಹಾಕಿಸಿಬಿಟ್ಟಿದ್ದಾರೆ. ಈಗಿನ 9.2ರಲ್ಲಿ 45 ಎಂಬ ಅಂಕಿಯೇ ಇಲ್ಲ.

ಒಂದು ಸಾಲಿನ ಪ್ರಶ್ನೆಗೆ ಅರ್ಧ ದಿನ ಹೋಯಿತು. ಉತ್ತರವೂ ಸಿಗಲಿಲ್ಲ.

ಇಂಥ ಹೊತ್ತಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಎಲ್ಲಾ ಸೇರಿಸಿ ಒಂದು ಕ್ಲೀನ್ ಕಾಪಿ ಮಾಡಿಬಿಡಿ." ಆದರೆ ಕ್ಲೀನ್ ಕಾಪಿ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಕೆಲಸಗಳು ಅಡಗಿವೆ. ಸಹಿಯಿಲ್ಲದ ಓದುಪ್ರತಿ ಮಾಡಿಟ್ಟುಕೊಳ್ಳುವುದು ಒಂದು. ಹಳೆಯ ಕರಾರನ್ನೇ ಹೊಸ ಪಠ್ಯದಲ್ಲಿ ಮರುನಿರೂಪಿಸಿ ಇಬ್ಬರೂ ಸಹಿ ಹಾಕುವುದು ಇನ್ನೊಂದು. ಹಳೆಯದನ್ನು ಮುಗಿಸಿ ಹೊಚ್ಚ ಹೊಸ ಕರಾರು ಮಾಡಿಕೊಳ್ಳುವುದು ಮತ್ತೊಂದು. ಏನೂ ಮಾಡದೆ, ಇರುವ ಏಳರ ಜೊತೆಗೆ ಎಂಟನೇ ತಿದ್ದುಪಡಿ ಹಾಕಿ ಮುಂದೆ ಸಾಗುವುದೂ ಒಂದು ದಾರಿಯೇ. ಆರಿಸುವ ಮೊದಲು ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ದಾಖಲೆಯನ್ನು ಹಿಡಿದುಕೊಂಡು ಯಾರ ಮುಂದೆ ನಿಲ್ಲಬೇಕು? ಹಳೆಯ ಕರಾರಿಗೆ, ಅದರ ದಿನಾಂಕಕ್ಕೆ, ಏನೇನು ನೇತುಬಿದ್ದಿದೆ?

ಹೆಣೆಯುವುದೋ, ಬಾಲ ಕಟ್ಟುವುದೋ

ಈ ತಕರಾರು ಕರಾರುಗಳಿಗಷ್ಟೇ ಸೀಮಿತವೂ ಅಲ್ಲ, ಹೊಸದೂ ಅಲ್ಲ. 1789ರಲ್ಲಿ ಅಮೆರಿಕದ ಸಂವಿಧಾನಕ್ಕೆ ಮೊದಲ ತಿದ್ದುಪಡಿಗಳನ್ನು ಮಂಡಿಸಿದ ಜೇಮ್ಸ್ ಮ್ಯಾಡಿಸನ್, ಅವನ್ನು ಮೂಲ ಪಠ್ಯದೊಳಗೆ ಆಯಾ ಜಾಗದಲ್ಲೇ ಹೆಣೆಯಬೇಕು ಎಂದಿದ್ದರು. ಅದೇ ಸಭೆಯ ಇನ್ನೊಬ್ಬ ಸದಸ್ಯ ರೋಜರ್ ಶೆರ್ಮನ್ ಒಪ್ಪಲಿಲ್ಲ. ಮೂಲವನ್ನು ಮುಟ್ಟಬೇಡಿ, ತಿದ್ದುಪಡಿಗಳು ಕೊನೆಯಲ್ಲಿ ಸೇರಲಿ ಎಂಬುದು ಅವರ ವಾದ. ಕೊನೆಗೆ ನಡೆದದ್ದು ಶೆರ್ಮನ್ ಹೇಳಿದಂತೆಯೇ. ಹಾಗಾಗಿ 1919ರಲ್ಲಿ ಅನುಮೋದನೆಯಾದ ಮದ್ಯನಿಷೇಧದ 18ನೇ ತಿದ್ದುಪಡಿ, 1933ರಲ್ಲಿ 21ನೇ ತಿದ್ದುಪಡಿಯಿಂದ ರದ್ದಾದರೂ, ಇವತ್ತಿಗೂ ಅಕ್ಷರ ಬಿಡದೆ ಅಚ್ಚಾಗುತ್ತದೆ. ಕೂಡುವುದು ಕಳೆಯುವುದು ಓದುವವನ ಕೆಲಸ.

ಭಾರತದ ಸಂವಿಧಾನ ಹಿಡಿದದ್ದು ಹೆಣೆಯುವ ದಾರಿ. 2002ರ 86ನೇ ತಿದ್ದುಪಡಿ ತಂದ ಶಿಕ್ಷಣದ ಹಕ್ಕು 21ನೇ ವಿಧಿಯ ಬೆನ್ನಿಗೇ 21ಎ ಆಗಿ ಕೂತಿದೆ. 1978ರ 44ನೇ ತಿದ್ದುಪಡಿ ಆಸ್ತಿಹಕ್ಕಿನ 31ನೇ ವಿಧಿಯನ್ನು ತೆಗೆದುಹಾಕಿತು, ಆದರೆ 32ನೆಯದನ್ನು ಮೇಲಕ್ಕೆ ಸರಿಸಲಿಲ್ಲ. ಆ ಮನೆ ಖಾಲಿಯಾಗಿಯೇ ಉಳಿಯಿತು. ನಮ್ಮ ಕಲಂ 9.2ರ ಅವಾಂತರ ಹುಟ್ಟಿದ್ದೇ ಈ ಒಂದು ಎಚ್ಚರ ತಪ್ಪಿದ್ದರಿಂದ.

ಇನ್ನೊಂದು ತಿದ್ದುಪಡಿ ಹಾಕಿ ನಡೆಸುವುದು

ಇದನ್ನು ಸೋಮಾರಿತನ ಎಂದು ತಳ್ಳಿಹಾಕಬೇಕಿಲ್ಲ. ಕರಾರು ಇನ್ನಾರು ತಿಂಗಳಲ್ಲಿ ಮುಗಿಯುವಂತಿದ್ದರೆ ಒಟ್ಟುಗೂಡಿಸುವ ಶ್ರಮ ದಂಡ. ತಿದ್ದುಪಡಿಗಳೆಲ್ಲ ದರಪಟ್ಟಿಯಂಥ ಒಂದೇ ಅನುಬಂಧವನ್ನು ಪ್ರತಿ ಸಲ ಪೂರ್ತಿಯಾಗಿ ಬದಲಿಸಿದ್ದರೂ ಅಷ್ಟೇ, ಕೊನೆಯ ಪಟ್ಟಿ ನೋಡಿದರೆ ಮುಗಿಯಿತು. ಎಷ್ಟು ತಿದ್ದುಪಡಿ ಎಂದು ಎಣಿಸುವುದಕ್ಕಿಂತ ಅವು ಒಂದರ ಮೇಲೊಂದು ಬಿದ್ದಿವೆಯೇ ಎಂದು ನೋಡಿ. ಹನ್ನೆರಡು ತಿದ್ದುಪಡಿ ಹನ್ನೆರಡು ಬೇರೆ ಕಲಮುಗಳನ್ನು ಮುಟ್ಟಿದ್ದರೆ ಹೇಗೋ ಸಂಸಾರ ಸಾಗುತ್ತದೆ. ಮೂರೇ ತಿದ್ದುಪಡಿ ಒಂದೇ ಕಲಮಿಗೆ ಕೈಹಾಕಿದ್ದರೆ ಸಾಗುವುದಿಲ್ಲ.

ಈ ದಾರಿಯಲ್ಲೇ ಹೋಗುವಿರಾದರೆ ಪದಗಳನ್ನು ತಿದ್ದುವ ಅಭ್ಯಾಸ ಬಿಡಿ. "ಇಂಥ ಸಾಲಿನ ಇಂಥ ಪದದ ಬದಲು" ಎನ್ನುವ ಜಾಗದಲ್ಲಿ ಆ ಉಪಕಲಮನ್ನು ಪೂರ್ತಿ ಬರೆದು "ಇದೇ ಇನ್ನು ಮುಂದೆ 9.3" ಎಂದು ಹೇಳಿ. ನಾಲ್ಕು ಸಾಲು ಜಾಸ್ತಿ ಟೈಪು ಮಾಡಬೇಕಾಗುತ್ತದೆ, ಅಷ್ಟೇ.

ಓದುಪ್ರತಿ

ಮೂಲ ಕರಾರಿನ ವರ್ಡ್ ಫೈಲು ತೆಗೆದುಕೊಂಡು, ಎಲ್ಲ ತಿದ್ದುಪಡಿಗಳನ್ನು ಅದರೊಳಗೆ ಸೇರಿಸಿ, ಈಗ ಜಾರಿಯಲ್ಲಿರುವ ಪಠ್ಯ ಹೀಗಿದೆ ಎಂದು ತೋರಿಸುವ ಪ್ರತಿ ಇದು. ಯಾರ ಸಹಿಯೂ ಇಲ್ಲ, ಎದುರು ಪಕ್ಷದ ಒಪ್ಪಿಗೆಯೂ ಬೇಕಿಲ್ಲ. ಕಾನೂನಿನ ಬಲವೂ ಇಲ್ಲ. ಯುರೋಪಿಯನ್ ಒಕ್ಕೂಟ ತನ್ನ ಕಾಯ್ದೆಗಳ ಕ್ರೋಡೀಕೃತ ಪಠ್ಯಗಳನ್ನು ಜಾಲತಾಣದಲ್ಲಿ ಹಾಕುವಾಗ, ಇದು ಮಾಹಿತಿಗಷ್ಟೇ, ಕಾನೂನಿನ ಪರಿಣಾಮ ಇರುವುದು ಮೂಲ ಮತ್ತು ತಿದ್ದುಪಡಿ ಕಾಯ್ದೆಗಳಿಗೆ ಎಂದು ಮೊದಲೇ ಹೇಳಿಬಿಡುತ್ತದೆ. ನಿಮ್ಮ ಓದುಪ್ರತಿಯ ಸ್ಥಾನವೂ ಅದೇ.

ಆದರೂ ನನ್ನ ಅಭಿಪ್ರಾಯ ಇಷ್ಟೇ: ಮುಂದೆ ಯಾವ ದಾರಿ ಹಿಡಿದರೂ ಮೊದಲು ಇದನ್ನು ಮಾಡಿ. ಮಾಡುತ್ತಾ ಹೋದಂತೆ ಕರಾರಿನ ಕಾಯಿಲೆ ಏನೆಂದು ಗೊತ್ತಾಗುತ್ತದೆ. ಇದನ್ನು ಟೈಪಿಂಗ್ ಕೆಲಸ ಎಂದು ಕಿರಿಯರ ತಲೆಗೆ ಕಟ್ಟುವವರಿದ್ದಾರೆ. ಹಾಗೆ ಮಾಡಿದರೆ ಟೈಪಿಂಗ್ ಮಾತ್ರ ಆಗಿರುತ್ತದೆ.

ನಾನು ಮೊದಲು ಒಂದು ಕೋಷ್ಟಕ ಮಾಡಿಕೊಳ್ಳುತ್ತೇನೆ. ಎಡಗಡೆ ಕಲಂ ಸಂಖ್ಯೆ, ಪಕ್ಕದಲ್ಲಿ ಅದನ್ನು ಮುಟ್ಟಿದ ತಿದ್ದುಪಡಿಗಳು, ಅವುಗಳ ಸಹಿ ದಿನಾಂಕ, ಜಾರಿ ದಿನಾಂಕ, ಕೊನೆಯಲ್ಲಿ 'ಅನುಮಾನ' ಎಂಬ ಅಂಕಣ. ಸಹಿಯ ದಿನಾಂಕ ಮತ್ತು ಜಾರಿಯ ದಿನಾಂಕ ಎರಡೂ ಯಾಕೆ ಎಂದರೆ, ಐದನೇ ತಿದ್ದುಪಡಿ ನಾಲ್ಕನೆಯದರ ನಂತರ ಸಹಿಯಾಗಿಯೂ ಅದಕ್ಕಿಂತ ಮೂರು ತಿಂಗಳು ಹಿಂದಿನಿಂದ ಜಾರಿ ಎಂದು ಹೇಳಿರಬಹುದು. ಕ್ರಮಸಂಖ್ಯೆ ನಂಬಿ ಸೇರಿಸುತ್ತಾ ಹೋದರೆ ಅಲ್ಲೇ ಎಡವುತ್ತೀರಿ. ಒಂದು ವರ್ಷದ ಮಟ್ಟಿಗೆ ಎಂದು ಕೊಟ್ಟ ರಿಯಾಯಿತಿ ಅವಧಿ ಮುಗಿದ ಮೇಲೂ ಪಠ್ಯದಲ್ಲಿ ಉಳಿದಿರುತ್ತದೆ, ಅದನ್ನು ಹಿಡಿಯಬೇಕು. ವ್ಯಾಖ್ಯಾನಗಳ ಕಲಮಂತೂ ಇನ್ನೂ ಕಿಲಾಡಿ. ಯಾವುದೋ ತಿದ್ದುಪಡಿಯಲ್ಲಿ 'ಸೇವೆಗಳು' ಎಂಬುದರ ಅರ್ಥಕ್ಕೆ ತರಬೇತಿಯನ್ನೂ ಸೇರಿಸಿರುತ್ತಾರೆ. ಸೇರಿಸಿದವರ ತಲೆಯಲ್ಲಿದ್ದದ್ದು ಬಿಲ್ಲಿಂಗ್ ಮಾತ್ರ. ಆದರೆ 'ಸೇವೆಗಳು' ಎಂಬ ಪದ ಖಾತರಿಯ ಕಲಮಿನಲ್ಲಿದೆ, ದಂಡದ ಕಲಮಿನಲ್ಲೂ ಇದೆ. ಒಂದು ಪದ ಹಿಗ್ಗಿಸಿದ್ದಕ್ಕೆ ತರಬೇತಿ ತಡವಾದರೂ ದಂಡ ಕಟ್ಟುವ ಪರಿಸ್ಥಿತಿ ಬಂದಿರುತ್ತದೆ, ಯಾರಿಗೂ ಗೊತ್ತಿರುವುದಿಲ್ಲ.

ಇಮೇಲ್‌ನಲ್ಲಿ "ಸರಿ, ಹಾಗೇ ಮಾಡೋಣ" ಎಂದು ಒಪ್ಪಿಕೊಂಡ ಬದಲಾವಣೆಗಳನ್ನು ಏನು ಮಾಡುವುದು? ಕರಾರಿನಲ್ಲಿ 'ಲಿಖಿತವಾಗಿ, ಇಬ್ಬರ ಸಹಿಯೊಂದಿಗೆ ಮಾತ್ರ ತಿದ್ದುಪಡಿ' ಎಂಬ ಷರತ್ತು ಇದೆಯೇ ನೋಡಿ. ಇಂಗ್ಲೆಂಡಿನಲ್ಲಿ 2018ರ ರಾಕ್ ಅಡ್ವರ್ಟೈಸಿಂಗ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇಂಥ ಷರತ್ತಿಗೆ ಬೆಲೆ ಕೊಟ್ಟು, ಬಾಯಿಮಾತಿನ ಬದಲಾವಣೆ ನಿಲ್ಲುವುದಿಲ್ಲ ಎಂದಿತು. ಸರಕು ಮಾರಾಟದ ಬಗೆಗಿನ 1980ರ ವಿಶ್ವಸಂಸ್ಥೆಯ ಒಡಂಬಡಿಕೆಯ 29ನೇ ವಿಧಿಯೂ ಇಂಥ ಷರತ್ತನ್ನು ಗೌರವಿಸುತ್ತದೆ. ಆದರೆ ಒಬ್ಬನ ನಡವಳಿಕೆಯನ್ನು ನಂಬಿ ಇನ್ನೊಬ್ಬ ನಡೆದುಕೊಂಡಿದ್ದರೆ ಮೊದಲಿನವನು ಆಮೇಲೆ ಷರತ್ತಿನ ಹಿಂದೆ ಅಡಗಲಾಗದು ಎಂದೂ ಸೇರಿಸುತ್ತದೆ. ದೇಶದಿಂದ ದೇಶಕ್ಕೆ ಉತ್ತರ ಬೇರೆ. ಹಾಗಾಗಿ ಓದುಪ್ರತಿಯಲ್ಲಿ ಇಂಥವನ್ನು ಪಠ್ಯದೊಳಗೆ ತುರುಕದೆ ಅಡಿಟಿಪ್ಪಣಿಯಲ್ಲಿ ಇಡಿ.

ಮುಖ್ಯವಾದ ಇನ್ನೊಂದು ನಿಯಮ: ಜೋಡಿಸುವಾಗ ಭಾಷೆ ಸುಧಾರಿಸಬೇಡಿ. ಕೈ ತುರಿಸುತ್ತದೆ, ಗೊತ್ತು. ಗೋಜಲು ವಾಕ್ಯ ಕಂಡರೆ 'ಅನುಮಾನ' ಅಂಕಣಕ್ಕೆ ಹಾಕಿ ಮುಂದೆ ಹೋಗಿ. ಇವತ್ತು ನೀವು ಸರಾಗ ಮಾಡಿದ ವಾಕ್ಯ ನಾಳೆ ಯಾರದೋ ಹಕ್ಕನ್ನು ತಿಂದಿರುತ್ತದೆ.

ನನ್ನದೇ ಒಂದು ಎಡವಟ್ಟು ಹೇಳುತ್ತೇನೆ. ವರ್ಷಗಳ ಹಿಂದೆ ಒಂದು ಓದುಪ್ರತಿಯನ್ನು ಎದುರು ಪಕ್ಷದವರು ಕೇಳಿದರೆಂದು ಸುಮ್ಮನೆ ಇಮೇಲ್‌ಗೆ ಲಗತ್ತಿಸಿ ಕಳಿಸಿದೆ. ಮೂರನೇ ತಿದ್ದುಪಡಿಯ ಒಂದು 'ಪರಂತು' ಅದರಲ್ಲಿ ಬಿಟ್ಟುಹೋಗಿತ್ತು. ಕನಿಷ್ಠ ಪ್ರಮಾಣ ದಾಟಿದರೆ ಮಾತ್ರ ರಿಯಾಯಿತಿ ಎಂಬ ಸಾಲು ಅದು. ಎಂಟು ತಿಂಗಳ ನಂತರ ಅದೇ ಲಗತ್ತನ್ನು ನನ್ನ ಮುಂದಿಟ್ಟು, "ನೀವೇ ಕಳಿಸಿದ ಕರಾರು, ಇದರಲ್ಲಿ ಷರತ್ತೇ ಇಲ್ಲವಲ್ಲ?" ಎಂದರು. ಸಹಿಯಾದ ತಿದ್ದುಪಡಿ ನಮ್ಮ ಪರವಾಗಿಯೇ ಇತ್ತು, ಕೊನೆಗೆ ಒಪ್ಪಿದರು ಕೂಡ. ಆದರೆ ಆ ಮಾತುಕತೆಯಲ್ಲಿ ನಾವು ಬೇರೆ ಎರಡು ವಿಷಯ ಬಿಟ್ಟುಕೊಡಬೇಕಾಯಿತು. ಅಂದಿನಿಂದ ಪ್ರತಿ ಪುಟದ ತಲೆಯಲ್ಲೂ 'ಓದಿನ ಅನುಕೂಲಕ್ಕೆ ಮಾತ್ರ; ವ್ಯತ್ಯಾಸವಿದ್ದರೆ ಸಹಿಯಾದ ದಾಖಲೆಗಳೇ ಅಂತಿಮ' ಎಂದು ಹಾಕದೆ ಓದುಪ್ರತಿಯನ್ನು ಪಕ್ಕದ ಮೇಜಿಗೂ ಕೊಡುವುದಿಲ್ಲ.

ಹಾಗಾದರೆ ಓದುಪ್ರತಿ ಯಾರಿಗೆ ಸಾಕು? ಕರಾರನ್ನು ಒಳಗಿನವರೇ ಓದುತ್ತಾರೆ, ಬಿಲ್ಲು ಪಾಸು ಮಾಡಲು, ದಿನಾಂಕ ನೋಡಲು ಬಳಸುತ್ತಾರೆ, 'ಅನುಮಾನ' ಅಂಕಣ ಹೆಚ್ಚುಕಡಿಮೆ ಖಾಲಿ ಬಂದಿದೆ ಎನ್ನುವವರಿಗೆ ಧಾರಾಳ ಸಾಕು. ಆ ಅಂಕಣದಲ್ಲಿ ಹಣದ ವಿಷಯ ಒಂದಿದ್ದರೂ ಸಾಲದು.

ಮರುನಿರೂಪಣೆ

ಹಳೆಯ ಕರಾರು ಸಾಯುವುದಿಲ್ಲ. ಅದರ ಪಠ್ಯ ಮಾತ್ರ ಇಂಥ ದಿನಾಂಕದಿಂದ ಹೀಗಿರುತ್ತದೆ ಎಂದು ಇಬ್ಬರೂ ಸಹಿ ಹಾಕುತ್ತಾರೆ. ಸಾಮಾನ್ಯವಾಗಿ ಎರಡು ಮೂರು ಪುಟದ ಒಂದು ಸಣ್ಣ ಒಪ್ಪಂದ, ಅದರ ಹಿಂದೆ ಅನುಬಂಧವಾಗಿ ಪೂರ್ತಿ ಹೊಸ ಪಠ್ಯ. ಸಣ್ಣ ಒಪ್ಪಂದವನ್ನು ಜನ ಸಹಿ ಪುಟ ಎಂಬಷ್ಟು ಹಗುರವಾಗಿ ನೋಡುತ್ತಾರೆ. ಕರಾರಿನ ಪ್ರಾಣ ಇರುವುದು ಅಲ್ಲೇ. ಯಾವ ಮೂಲ ಕರಾರು, ಯಾವ ಯಾವ ತಿದ್ದುಪಡಿ ಇದರಲ್ಲಿ ಲೀನವಾಗಿವೆ ಎಂಬ ಪಟ್ಟಿ ಅಲ್ಲಿರಬೇಕು. ಜಾರಿ ದಿನಾಂಕಕ್ಕೆ ಮುಂಚೆ ಹುಟ್ಟಿದ ಹಕ್ಕು, ಬಾಕಿ, ಉಲ್ಲಂಘನೆಗಳಿಗೆ ಧಕ್ಕೆಯಿಲ್ಲ ಎಂದಿರಬೇಕು. ಇದು ಹಳೆಯದನ್ನು ಅಳಿಸಿ ಮಾಡಿದ ಹೊಸ ಕರಾರಲ್ಲ ಎಂದು ಬಿಡಿಸಿ ಹೇಳಿರಬೇಕು. ಬೇರೆ ದಾಖಲೆಗಳಲ್ಲಿ ಹಳೆಯ ಕರಾರಿನ ಉಲ್ಲೇಖವಿದ್ದರೆ ಅದನ್ನು ಮರುನಿರೂಪಿತ ಪಠ್ಯದ ಉಲ್ಲೇಖವೆಂದೇ ಓದಬೇಕು ಎಂಬ ಸಾಲೂ ಬೇಕು.

ಎಲ್ಲರೂ ಎಡವುವ ಜಾಗ ಒಂದಿದೆ. ಹಳೆಯ ಪಠ್ಯದಲ್ಲಿ "ಈ ಒಪ್ಪಂದದ ದಿನಾಂಕದಿಂದ ಐದು ವರ್ಷ" ಎಂದಿರುತ್ತದೆ. ಅದನ್ನು ಹಾಗೇ ಎತ್ತಿ ಹೊಸ ಪಠ್ಯಕ್ಕೆ ಹಾಕಿ, ಮೊದಲ ಪುಟದಲ್ಲಿ ಹೊಸ ದಿನಾಂಕ ಬರೆದರೆ ಐದು ವರ್ಷದ ಗಡಿಯಾರ ಮೊದಲಿನಿಂದ ಶುರು. ಅವಧಿ, ಖಾತರಿ, ದರ ಪರಿಷ್ಕರಣೆ, ಪೈಪೋಟಿ ನಿರ್ಬಂಧ, ಎಲ್ಲವೂ ಆ ಒಂದು ಪದಗುಚ್ಛಕ್ಕೆ ಕಟ್ಟಿಕೊಂಡಿರುತ್ತವೆ. ನಾನು ಪಠ್ಯದಲ್ಲೆಲ್ಲ 'ಒಪ್ಪಂದದ ದಿನಾಂಕ' ಎಂದು ಹುಡುಕಿ, ಪ್ರತಿಯೊಂದನ್ನೂ 'ಮೂಲ ದಿನಾಂಕ' ಅಥವಾ 'ಮರುನಿರೂಪಣೆಯ ದಿನಾಂಕ' ಎಂದು ಬಿಡಿಸಿ ಬರೆಯುತ್ತೇನೆ. "ಈ ಒಪ್ಪಂದವೇ ಸಂಪೂರ್ಣ, ಹಿಂದಿನದೆಲ್ಲ ರದ್ದು" ಎಂಬ ಷರತ್ತಿನ ಮೇಲೂ ಕಣ್ಣಿರಲಿ. ಹಿಂದೆ ಒಂದು ಪತ್ರದಲ್ಲಿ ಕೊಟ್ಟ ವಿಶೇಷ ಸವಲತ್ತನ್ನು ಹೊಸ ಪಠ್ಯಕ್ಕೆ ತರಲು ಮರೆತಿದ್ದರೆ, ಆ ಷರತ್ತು ಸದ್ದಿಲ್ಲದೆ ಅದನ್ನು ನುಂಗುತ್ತದೆ.

ಜಾಮೀನುದಾರರ ಮಾತು ಬಂದರೆ ಇನ್ನೂ ನಿಧಾನಿಸಿ. 1878ರ ಹೋಮ್ ವಿರುದ್ಧ ಬ್ರನ್ಸ್ಕಿಲ್ ಎಂಬ ಇಂಗ್ಲಿಷ್ ಪ್ರಕರಣದ ಕಥೆ ಚಿಕ್ಕದು. ಜಮೀನಿನ ಜೊತೆಗೆ 700 ಕುರಿಗಳನ್ನೂ ಗೇಣಿಗೆ ಕೊಟ್ಟಿದ್ದರು. ಕುರಿ ಹಿಂಡನ್ನು ಸರಿಯಾದ ಸ್ಥಿತಿಯಲ್ಲಿ ಹಿಂದಿರುಗಿಸುತ್ತಾನೆ ಎಂದು ಒಬ್ಬ ಜಾಮೀನು ನಿಂತಿದ್ದ. ಮಧ್ಯದಲ್ಲಿ ಮಾಲೀಕ ಮತ್ತು ಗೇಣಿದಾರ ಮಾತಾಡಿಕೊಂಡು ಒಂದೇ ಒಂದು ಹೊಲವನ್ನು ಬಿಟ್ಟುಕೊಟ್ಟು, ಗೇಣಿಯಲ್ಲಿ 10 ಪೌಂಡ್ ಇಳಿಸಿಕೊಂಡರು. ಜಾಮೀನುದಾರನನ್ನು ಕೇಳಲಿಲ್ಲ. ಹಿಂಡು ಕ್ಷೀಣಿಸಿದಾಗ ಅವನ ಬಳಿ ಹೋದರೆ, ಅವನು ಹೊಣೆಯಿಂದ ಮುಕ್ತ ಎಂದಿತು ಕೋರ್ಟು. ಭಾರತದ 1872ರ ಕರಾರು ಕಾಯ್ದೆಯ 133ನೇ ಕಲಮಿನ ಪ್ರಕಾರವೂ ಜಾಮೀನುದಾರನ ಒಪ್ಪಿಗೆಯಿಲ್ಲದೆ ಷರತ್ತು ಬದಲಿಸಿದರೆ ಆ ನಂತರದ ವ್ಯವಹಾರಗಳಿಗೆ ಅವನು ಹೊಣೆಯಲ್ಲ. ಒಂದು ಹೊಲಕ್ಕೇ ಹೀಗಾದರೆ ಇಡೀ ಪಠ್ಯ ಬದಲಾದರೆ? ಜಾಮೀನುದಾರರಿಂದ ಹೊಸ ಪಠ್ಯಕ್ಕೂ ಸಹಿ ಪಡೆಯದೆ ಮರುನಿರೂಪಣೆಗೆ ಸಹಿ ಹಾಕಬೇಡಿ. ಸಾಲ ಕೊಟ್ಟವರು, ಅಡಮಾನ ಇಟ್ಟುಕೊಂಡವರು, ಮುದ್ರಾಂಕ ಶುಲ್ಕ, ನೋಂದಣಿ, ಇವನ್ನೂ ಆಗಲೇ ವಿಚಾರಿಸಿಕೊಳ್ಳಿ.

ಬದಲಾವಣೆಗಳನ್ನು ಮೂರು ರಾಶಿ ಮಾಡಿ ಎದುರು ಪಕ್ಷದ ಮುಂದಿಟ್ಟರೆ ಮಾತುಕತೆ ಬೇಗ ಮುಗಿಯುತ್ತದೆ: ಸಹಿಯಾದದ್ದನ್ನು ಜೋಡಿಸಿದ್ದು ಮಾತ್ರ, ಉಲ್ಲೇಖ ಮತ್ತು ಸಂಖ್ಯೆಯ ತಪ್ಪು ಸರಿಪಡಿಸಿದ್ದು, ನಿಜಕ್ಕೂ ಹೊಸ ಒಪ್ಪಂದ ಬೇಕಾದದ್ದು. ಮೂರನೇ ರಾಶಿಯನ್ನು ಮೊದಲನೆಯದರ ಮಧ್ಯೆ ಬಚ್ಚಿಟ್ಟು ನುಸುಳಿಸುವ ಜಾಣರೂ ಇದ್ದಾರೆ. ಒಮ್ಮೆ ಸಿಕ್ಕಿಬಿದ್ದರೆ ಆಮೇಲೆ ಅಲ್ಪವಿರಾಮಕ್ಕೂ ವಕೀಲರು ಬಂದು ಕೂರುತ್ತಾರೆ.

ಹೊಚ್ಚ ಹೊಸ ಕರಾರು

ವ್ಯವಹಾರವೇ ಬದಲಾಗಿದ್ದರೆ ಇದು ಸರಿ. ಯಂತ್ರ ಮಾರಾಟಕ್ಕೆಂದು ಬರೆದ ಕರಾರು ಏಳು ತಿದ್ದುಪಡಿಯಲ್ಲಿ ಬಾಡಿಗೆಯ ಕರಾರಾಗಿ ಬದಲಾಗಿದ್ದರೆ, ಮಾರಾಟದ ಅಸ್ಥಿಪಂಜರಕ್ಕೆ ಬಾಡಿಗೆಯ ಮಾಂಸ ಹಚ್ಚಿ ಮರುನಿರೂಪಿಸುವುದು ವ್ಯರ್ಥ. ಪಕ್ಷಗಳು ಬದಲಾಗಿದ್ದರೂ ಹೊಸದೇ ಲೇಸು.

ಬೆಲೆಯನ್ನೂ ತಿಳಿದಿರಿ. ಭಾರತದ ಕರಾರು ಕಾಯ್ದೆಯ 62ನೇ ಕಲಂ ಹೇಳುವಂತೆ ಹಳೆಯದರ ಬದಲಿಗೆ ಹೊಸ ಕರಾರು ಬಂದರೆ ಹಳೆಯದನ್ನು ನೆರವೇರಿಸಬೇಕಿಲ್ಲ. ಅಂದರೆ ಅದಕ್ಕೆ ನೇತುಬಿದ್ದ ಜಾಮೀನು, ಭದ್ರತೆ, ಮಧ್ಯಸ್ಥಿಕೆಯ (ಜಗಳವನ್ನು ಕೋರ್ಟಿನ ಬದಲು ಮಧ್ಯಸ್ಥರ ತೀರ್ಪಿಗೆ ಬಿಡುವ) ಷರತ್ತು ಕೂಡ ಬೀಳುವ ಅಪಾಯವಿದೆ. ಕಿಶೋರಿಲಾಲ್ ಗುಪ್ತಾ ಪ್ರಕರಣದಲ್ಲಿ 1959ರಲ್ಲೇ ಭಾರತದ ಸುಪ್ರೀಂ ಕೋರ್ಟು, ಮೂಲ ಕರಾರಿನ ಜಾಗಕ್ಕೆ ಪೂರ್ತಿ ಹೊಸದು ಬಂದರೆ ಅದರೊಳಗಿನ ಮಧ್ಯಸ್ಥಿಕೆಯ ಷರತ್ತೂ ಅದರೊಂದಿಗೇ ಹೋಗುತ್ತದೆ ಎಂದಿತ್ತು. ಹಳೆಯ ಅವಧಿಯ ಜಗಳ ಬಾಕಿಯಿದ್ದರೆ ಅದನ್ನು ಎಲ್ಲಿ, ಯಾವ ನಿಯಮದಡಿ ತೀರಿಸಬೇಕೆಂದು ಹೊಸ ಕರಾರಿನಲ್ಲೇ ಬರೆಯಬೇಕಾಗುತ್ತದೆ. ಇನ್ನೊಂದು ಕಷ್ಟ ಕಾನೂನಿನದಲ್ಲ. ಖಾಲಿ ಹಾಳೆ ಕಂಡೊಡನೆ ಎದುರು ಪಕ್ಷಕ್ಕೆ ಹಳೆಯ ಆಸೆಗಳೆಲ್ಲ ನೆನಪಾಗುತ್ತವೆ. ನಿಮಗೂ ಅಷ್ಟೇ ಅನ್ನಿ. ಎರಡು ವಾರದ ಕೆಲಸ ಎರಡು ತ್ರೈಮಾಸಿಕ ಎಳೆಯುತ್ತದೆ.

ಕಲಂ 9 ಏನಾಯಿತು

ನಮ್ಮ ಕರಾರಿಗೆ ಇನ್ನೂ ಮೂರು ವರ್ಷ ಬಾಕಿಯಿತ್ತು, ಅದಕ್ಕೆ ಒಂದು ಜಾಮೀನು ನೇತುಬಿದ್ದಿತ್ತು, ವ್ಯವಹಾರ ಬದಲಾಗಿರಲಿಲ್ಲ. ಹೊಸ ಕರಾರು ಬೇಡವೆನ್ನಲು ಅಷ್ಟು ಸಾಕು. ಓದುಪ್ರತಿ ಮಾಡಿದಾಗ 'ಅನುಮಾನ' ಅಂಕಣದಲ್ಲಿ ಹನ್ನೊಂದು ಸಾಲು ಬಂತು. ಅದರಲ್ಲಿ ಎಂಟು ಬರೀ ಸಂಖ್ಯೆಯ ತಪ್ಪುಗಳು. ಉಳಿದ ಮೂರರಲ್ಲಿ ದೊಡ್ಡ ತಕರಾರು 45-60ರದ್ದು. ಆರನೇ ತಿದ್ದುಪಡಿಯ ಉದ್ದೇಶ 60 ದಿನ ಎಂಬುದು ಸ್ಪಷ್ಟ ಎಂದು ನಾವು, ಬರೆದದ್ದು ಬಡ್ಡಿಯ ಉಪಕಲಮಿಗೆ, ಆದ್ದರಿಂದ 45 ದಿನವೇ ಎಂದು ಅವರು. ಕೋರ್ಟಿಗೆ ಹೋಗಿದ್ದರೆ ಉದ್ದೇಶ ನೋಡಿ ನಮ್ಮ ಪರ ಹೇಳುತ್ತಿತ್ತೇನೋ. ಅಷ್ಟಕ್ಕಾಗಿ ಹೋಗುವವರು ಯಾರು?

ಮರುನಿರೂಪಣೆಯ ದಿನಾಂಕದ ನಂತರದ ಬಿಲ್ಲುಗಳಿಗೆ 60 ದಿನ, ಅದಕ್ಕೆ ಮುಂಚಿನವಕ್ಕೆ 45 ಎಂದು ತೀರ್ಮಾನವಾಯಿತು. ಹೊಸ 9.3ರಲ್ಲಿ ಎರಡನ್ನೂ ಬರೆದೆವು. ಜಾಮೀನುದಾರರ ಸಹಿಗೆ ಕಾದದ್ದೇ ಮೂರು ವಾರ. ರದ್ದಾದ ಕಲಂ 14ರ ಜಾಗದಲ್ಲಿ 'ಬಳಕೆಯಲ್ಲಿಲ್ಲ' ಎಂದು ಬರೆದು ಸಂಖ್ಯೆ ಹಾಗೇ ಬಿಟ್ಟೆವು; 15ನ್ನು 14 ಮಾಡೋಣ, ನೋಡಲು ಚೆನ್ನ ಎಂದು ಎದುರು ಪಕ್ಷದ ಒಬ್ಬರು ಕೊನೇ ದಿನದವರೆಗೂ ಪಟ್ಟು ಹಿಡಿದಿದ್ದರು. ಸಹಿಯ ಹಿಂದಿನ ದಿನ ಇಬ್ಬರು ಕೂತು, ಒಬ್ಬರು ಓದುಪ್ರತಿಯನ್ನು ಗಟ್ಟಿಯಾಗಿ ಓದಿ, ಇನ್ನೊಬ್ಬರು ಹೊಸ ಪಠ್ಯದ ಮೇಲೆ ಬೆರಳಿಟ್ಟು ನೋಡಿದೆವು. ಸಾಫ್ಟ್‌ವೇರಿನ ಹೋಲಿಕೆ ಎಲ್ಲಾ ಸರಿ ಎಂದಿತ್ತು. ಅನುಬಂಧದ ಸ್ಕ್ಯಾನ್ ಚಿತ್ರದೊಳಗಿದ್ದ ಹಳೆಯ ದರ ಸಿಕ್ಕಿದ್ದು ಬೆರಳಿಗೆ.

ಮೂಲ ಕರಾರು ಮತ್ತು ಏಳು ತಿದ್ದುಪಡಿಗಳ ಕಟ್ಟು ಈಗಲೂ ಕಪಾಟಿನಲ್ಲಿದೆ, ಮೇಲೆ ಮರುನಿರೂಪಣೆಯ ದಿನಾಂಕ ಬರೆದ ಚೀಟಿ ಅಂಟಿಸಿದ್ದೇನೆ. ಕಳೆದ ತಿಂಗಳು ಒಂದು ಹಳೆಯ ಬಿಲ್ಲಿನ ಬಡ್ಡಿಯ ತಕರಾರು ಬಂತು. ಬಿಲ್ಲಿನ ದಿನಾಂಕ ನೋಡಿ, ಆ ಕಟ್ಟನ್ನೇ ಬಿಚ್ಚಿ ನಾಲ್ಕನೇ ತಿದ್ದುಪಡಿ ತೆಗೆದೆ.